ಎಡದಿಂದ ಕಟ್ಟಿದ ಅರ್ಧ ಮಾಲೆ

ಮೇ ತಿಂಗಳ ಸಂಕ್ರಮಣ, ಬೆಳಿಗ್ಗೆ ಐದೂವರೆ ಗಂಟೆ. ಕಟಪಾಡಿಯ ಪೇಟೆಯಿಂದ ಒಳಗೆ ಇರುವ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ಮೂವರು: ಅಮ್ಮ, ಅಮ್ಮನ ತಾಯಿಯಾದ ಅಜ್ಜಿ, ಮತ್ತು ಹನ್ನೊಂದು ವರ್ಷದ ನಾನು. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಬೆತ್ತದ ಬುಟ್ಟಿಗಳು ಮೂರು, ನೆನೆಸಿಟ್ಟ ಬಾಳೆನಾರಿನ ಕಟ್ಟು ಒಂದು, ಹಾಸಲು ಹಳೆಯ ಚಾಪೆ. ಅಂಗಳದ ಆಚೆ ನಮ್ಮ ಮಲ್ಲಿಗೆ ಗಿಡಗಳು. ಬೆಳಕು ಹರಿಯುವಾಗ ಕೊಯ್ಲು, ಏಳಕ್ಕೆ ಗಂಜಿ, ಆಮೇಲೆ ಕಟ್ಟುವುದು, ಹತ್ತಕ್ಕೆ ಹೂವು ಕಟ್ಟೆಗೆ ತಲುಪಬೇಕು. ಊರಿನವರೆಲ್ಲ ಕಟ್ಟಿದ ಹೂವನ್ನು ತಂದು ಕೊಡುವ ಅಂಗಡಿ ಬದಿಯ ಜಾಗಕ್ಕೆ ಕಟ್ಟೆ ಎಂದೇ ಹೆಸರು. ತಡವಾದರೆ ಹೂವು ತೆಗೆದುಕೊಳ್ಳುವವನು ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ. ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಮೊಗ್ಗು ಕಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಜೀವನದ ಶಿಸ್ತೆಲ್ಲ ಆ ಜಗಲಿಯಿಂದ ಬಂದದ್ದು.

ಆ ದಿನ ನಿರ್ಧಾರವಾಗಬೇಕಾಗಿದ್ದ ಸಂಗತಿ ಒಂದೇ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ನಾನು ಈ ಮನೆಯಲ್ಲಿ ಇರುತ್ತೇನೋ, ಅಥವಾ ದೊಡ್ಡ ಮಾವನ ಜತೆ ಕಾರ್ಕಳಕ್ಕೆ ಹೋಗುತ್ತೇನೋ ಎಂಬುದು. ದೊಡ್ಡ ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಕುಟುಂಬದ ಯಜಮಾನರು, ಕಾರ್ಕಳದ ಶಾಲೆಯಲ್ಲಿ ಮಾಸ್ತರು. ಹಿಂದಿನ ತಿಂಗಳು ನಮ್ಮ ಹೊಸವರ್ಷದ ಬಿಸು ಹಬ್ಬಕ್ಕೆ ಬಂದವರು ನನ್ನ ಕೈಯ ವಿಚಾರ ಕೇಳಿ, ಊಟದ ಎಲೆಯ ಮುಂದೆಯೇ ತೀರ್ಪು ಕೊಟ್ಟಿದ್ದರು:

“ಮುಂದಿನ ಸಂಕ್ರಮಣಕ್ಕೆ ಬರ್ತೇನೆ. ಅಷ್ಟರೊಳಗೆ ಇವಳಿಗೆ ಬಲಗೈ ಬಾರದಿದ್ದರೆ ನನ್ನ ಹತ್ತಿರ ಬಿಡಿ. ಒಂದು ವರ್ಷದಲ್ಲಿ ಸರಿ ಮಾಡಿ ಕೊಡ್ತೇನೆ.”

ನಾನು ಎಡಗೈಯವಳು. ಚಮಚ, ಕತ್ತಿ, ಪೊರಕೆ, ಬಳಪ, ಎಲ್ಲಕ್ಕೂ ಎಡಗೈಯೇ ಮುಂದೆ ಹೋಗುತ್ತಿತ್ತು. ಊಟದ ಹೊತ್ತಿಗೆ ಅಜ್ಜಿ ಹಳೆಯ ಸೀರೆಯ ಚಿಂದಿಯಿಂದ ಆ ಕೈಯನ್ನು ಮಡಚಿ ಕಟ್ಟಿ ಮಡಿಲಲ್ಲಿ ಇಡಿಸುತ್ತಿದ್ದರು. ಅದಕ್ಕೆ ನನ್ನ ತಕರಾರು ಇರಲಿಲ್ಲ. ಉಣ್ಣುವುದನ್ನು, ಕೊಡುವುದನ್ನು, ತೆಗೆದುಕೊಳ್ಳುವುದನ್ನು ಬಲಗೈಯಲ್ಲಿ ಬೇಗ ಕಲಿತೆ. ಬಳಪದಲ್ಲೂ ಹೇಗೋ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ಹೂ ಕಟ್ಟುವ ಕೆಲಸ ಒಂದೇ, ಮತ್ತು ನಮ್ಮ ಮನೆಯಲ್ಲಿ ಹೂ ಕಟ್ಟಲು ಬಾರದ ಹೆಣ್ಣು ಚಾಪೆಯ ಮೇಲೆ ಕುಳಿತುಕೊಳ್ಳುವಂತಿರಲಿಲ್ಲ. ಅವಳು ಬದಿಯಲ್ಲಿ ಕುಳಿತು ಮೊಗ್ಗು ಜೋಡಿಸಿ ಕೊಡಬೇಕು. ಹೊರಗಿನಿಂದ ಬಂದವರು “ಇವಳಿಗೆ ಇನ್ನೂ ಬರ್ಲಿಲ್ವಾ?” ಎಂದು ಕೇಳುವುದನ್ನು ಕೇಳಿಸಿಕೊಳ್ಳಬೇಕು.

ಹೂ ಕಟ್ಟುವುದು ಹೀಗೆ. ಎಡಗೈ ನಾರನ್ನೂ ಕಟ್ಟಿದ ಮಾಲೆಯನ್ನೂ ಹಿಡಿದುಕೊಳ್ಳುತ್ತದೆ. ಬಲಗೈ ಎರಡು ಮೊಗ್ಗನ್ನು ಆಚೆ ಮುಖ, ಎರಡನ್ನು ಈಚೆ ಮುಖ ಇಟ್ಟು, ನಾರನ್ನು ಸುತ್ತಿ, ಕುಣಿಕೆಯೊಳಗೆ ತೂರಿಸಿ ಬಿಗಿಯುತ್ತದೆ. ಮಾಲೆ ಬಲಕ್ಕೆ ಬೆಳೆಯುತ್ತದೆ, ಕಟ್ಟಿ ಆದದ್ದು ಎಡಕ್ಕೆ ಸರಿಯುತ್ತದೆ. ಇಷ್ಟರಲ್ಲಿ ಲೆಕ್ಕವೂ ನಡೆಯಬೇಕು. ಎರಡು ಕೈಯೂ ಕೆಲಸದಲ್ಲಿರುವಾಗ ಎಣಿಸುವುದು ಎಲ್ಲಿ? ಹಿಡಿದುಕೊಂಡ ಕೈಯಲ್ಲಿ. ಒಂದು ಸುತ್ತು ಕುಣಿಕೆ ಮುಗಿದಾಗ ಎಡಗೈಯ ಕಿರುಬೆರಳು ಮಡಚಬೇಕು, ಇನ್ನೊಂದು ಮುಗಿದಾಗ ಉಂಗುರದ ಬೆರಳು, ಆಮೇಲೆ ನಡುಬೆರಳು. ಹೆಬ್ಬೆರಳು ಮತ್ತು ತೋರುಬೆರಳು ಮಾಲೆ ಹಿಡಿದೇ ಇರುತ್ತವೆ. ಮೂರು ಬೆರಳೂ ಮಡಚಿದರೆ ಒಂದು ಎಲೆಚೂರು ಬದಿಗಿಟ್ಟು ಮತ್ತೆ ಬಿಡಿಸುವುದು. ಅಮ್ಮ ಮಾತಾಡುತ್ತಾ, ಒಲೆಯ ಕಡೆ ಕಿವಿ ಕೊಡುತ್ತಾ, ಕೋಳಿ ಓಡಿಸುತ್ತಾ ಲೆಕ್ಕ ತಪ್ಪದೆ ಕಟ್ಟುತ್ತಿದ್ದಳು. ಎಷ್ಟಾಯಿತು ಎಂದು ಕೇಳಿದರೆ ಎಲೆಚೂರನ್ನೂ ಬೆರಳನ್ನೂ ನೋಡಿ ಹೇಳುವಳು.

ನನ್ನಲ್ಲಿ ಇದು ಬುಡದಿಂದಲೇ ಕೆಟ್ಟಿತು. ಬಲಗೈ ಕುಣಿಕೆ ಹಾಕಲು ಒದ್ದಾಡುವಾಗ, ಸುಮ್ಮನೆ ಹಿಡಿದಿರಬೇಕಾದ ಎಡಗೈ ತಾನಾಗಿ ಸಹಾಯಕ್ಕೆ ಹೋಗುತ್ತಿತ್ತು. ಹೋದ ಕೂಡಲೇ ಮಡಚಿದ ಬೆರಳು ಬಿಡಿಸಿಕೊಳ್ಳುತ್ತಿತ್ತು, ಲೆಕ್ಕ ಹಾರಿಹೋಗುತ್ತಿತ್ತು. ಕುಣಿಕೆಯೂ ಸಡಿಲ, ಎಣಿಕೆಯೂ ಸುಳ್ಳು. ಮಾಲೆಯನ್ನು ಉಂಡೆಯಾಗಿ ಸುತ್ತಿದರೆ ಅದಕ್ಕೆ ಚೆಂಡು ಎನ್ನುತ್ತೇವೆ. ನಾನು ಕಟ್ಟಿದ ಚೆಂಡೊಂದನ್ನು ಕಟ್ಟೆಯವನು ಎತ್ತಿ ನೋಡಿ, ಹೂವು ಕಡಿಮೆ ಉಂಟೆಂದು ಹಿಂದೆ ಕೊಟ್ಟ. ಅಮ್ಮ ಅದನ್ನು ಬುಟ್ಟಿಯಲ್ಲಿ ಮನೆಗೆ ತಂದಳು. ಅಜ್ಜಿ ಹೇಳಿದರು:

“ಇವಳಿಗೆ ಕೈಯೂ ಇಲ್ಲ, ಲೆಕ್ಕವೂ ಇಲ್ಲ. ಎಂತ ಮಾಡುವುದು ಇವಳನ್ನು?”

ಲೆಕ್ಕ ಇಲ್ಲ ಎಂಬ ಮಾತು ನನಗೆ ಹೆಚ್ಚು ನಾಟಿತು, ಏಕೆಂದರೆ ಅದು ನಿಜವಲ್ಲ. ಶಾಲೆಯಲ್ಲಿ ನಾನು ಬಲಗೈ ಬೆರಳುಗಳಲ್ಲಿ ಎಣಿಸುತ್ತಿದ್ದೆ, ಎಂದೂ ತಪ್ಪುತ್ತಿರಲಿಲ್ಲ. ಆ ವರ್ಷ ನಾನು ಕಂಡ ಕಂಡವರ ಬೆರಳು ನೋಡುವ ಅಭ್ಯಾಸ ಮಾಡಿಕೊಂಡೆ. ಎರ್ಮಾಳಿನಿಂದ ಬುಟ್ಟಿ ಹೊತ್ತು ಬರುವ ಮೀನಿನ ಕಮಲಕ್ಕ ಬಲಗೈಯಲ್ಲಿ ಬಂಗುಡೆ ಎತ್ತಿ ಹಾಕುತ್ತಾ ಎಡಗೈಯ ಬೆರಳು ಮಡಚುತ್ತಿದ್ದಳು. ಅಮ್ಮನದೂ ಎಡಗೈ. ಶಾಲೆಯ ಮಾಸ್ತರರು ಸೀಮೆಸುಣ್ಣ ಬಲಗೈಯಲ್ಲಿ ಹಿಡಿದು ಎಡಗೈ ಎತ್ತಿ ಒಂದು, ಎರಡು ಎಂದು ತೋರಿಸುತ್ತಿದ್ದರು. ಪೇಟೆಯ ದಿನಸಿ ಅಂಗಡಿಯ ಹಸನಬ್ಬ ಬ್ಯಾರಿ ಒಬ್ಬರೇ ಬಲಗೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ನಾನು ಉಪ್ಪು ತರಲು ಹೋದಾಗ ಧೈರ್ಯ ಮಾಡಿ ಕೇಳಿದೆ:

“ನೀವೂ ಎಡಗೈಯವರಾ?”

“ಅಲ್ಲ ಮಗಾ. ನಮಾಜು ಆದ ಮೇಲೆ ನಾವು ಎಣಿಸುವುದು ಬಲಗೈಯಲ್ಲಿ. ಅದೇ ಅಭ್ಯಾಸ ಅಂಗಡಿಗೂ ಬಂತು. ಯಾಕೆ, ನಿನ್ನದು ಯಾವ ಕೈ?”

“ಎಣಿಸುವುದು ಬಲ. ಕೆಲಸಕ್ಕೆ ಎಡ.”

“ಎರಡಕ್ಕೂ ಕೆಲಸ ಕೊಟ್ಟಿದ್ದಿ ಅಲ್ವಾ? ಮತ್ತೆಂತಕ್ಕೆ ಮೋರೆ ಸಣ್ಣ ಮಾಡುವುದು? ಉಪ್ಪು ಹಿಡಿ, ಚೆಲ್ಲಬೇಡ.”

ಅಂಗಡಿಯಿಂದ ಮನೆಗೆ ನಡೆಯುವಾಗ ನನಗೆ ಉತ್ತರ ಸಿಕ್ಕಿತ್ತು. ಜನ ಎಣಿಸುವುದು ಕೆಲಸವಿಲ್ಲದ ಕೈಯಲ್ಲಿ. ನನ್ನ ಕೆಲಸದ ಕೈಯನ್ನು ಬದಲಿಸಿದವರು ನನ್ನ ಎಣಿಸುವ ಕೈಯನ್ನೂ ಬದಲಿಸಿದ್ದರು. ಎರಡನ್ನೂ ಹಿಂದೆ ಪಡೆದರೆ ನನಗೆ ಹೂ ಕಟ್ಟಲು ಬಂದೇ ಬರುತ್ತದೆ. ಅದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಟ್ಟಿ ತೋರಿಸಬೇಕು. ಮುಂದೆ ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ನರ್ಸಾಗಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇಕ್ಕಳ ಕತ್ತರಿಗಳನ್ನು ಎಡಗೈಯಿಂದ ಜೋಡಿಸುತ್ತಾ ಬಲಗೈಯಲ್ಲಿ ಲೆಕ್ಕ ಹಿಡಿಯುವಾಗ ಯಾರೂ ಪ್ರಶ್ನೆ ಕೇಳಲಿಲ್ಲ. ಅಲ್ಲಿ ಲೆಕ್ಕ ಸರಿ ಇದ್ದರೆ ಸಾಕಿತ್ತು. ಮನೆಯಲ್ಲಿ ಹಾಗಲ್ಲ.

ಬಿಸುವಿನ ಮಾರನೆಯ ದಿನದಿಂದ ನಾನು ಅಮ್ಮನ ಪಕ್ಕ ಕುಳಿತುಕೊಳ್ಳುವುದನ್ನು ಬಿಟ್ಟು ಎದುರಿಗೆ ಕುಳಿತೆ. ಪಕ್ಕದಲ್ಲಿ ಕುಳಿತವರಿಗೆ ಅಮ್ಮನ ಬಲಗೈ ಬಲಗೈಯಾಗಿಯೇ ಕಾಣುತ್ತದೆ. ಎದುರಿಗೆ ಕುಳಿತರೆ ಕನ್ನಡಿಯಲ್ಲಿ ನೋಡಿದ ಹಾಗೆ, ಅವಳ ಬಲಗೈ ನನ್ನ ಎಡಗೈಯ ನೇರಕ್ಕೆ ಬರುತ್ತದೆ. ಮೊಗ್ಗು ಜೋಡಿಸಿ ಕೊಡುತ್ತಾ ಅವಳ ಬೆರಳನ್ನೇ ನೋಡಿದೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ದನದ ಹಟ್ಟಿಯ ಹಿಂದೆ ಹೋಗಿ, ಬಿದ್ದ ಹೂವು, ಹುಲ್ಲಿನ ಕಡ್ಡಿ, ಗೇರುಮರದ ಚಿಗುರು, ಏನು ಸಿಕ್ಕಿತೋ ಅದನ್ನು ಎಡಗೈಯಲ್ಲಿ ಕಟ್ಟಿದೆ. ಬಲಗೈ ಹಿಡಿದುಕೊಂಡಿತು, ಬೆರಳು ಮಡಚಿತು, ಮಡಚಿದ ಬೆರಳು ಮಡಚಿಯೇ ಇತ್ತು. ಮಾಲೆ ಎಡಕ್ಕೆ ಬೆಳೆಯಿತು. ನಾನು ಕಟ್ಟಿದ್ದನ್ನು ದನ ತಿನ್ನುತ್ತಿತ್ತು, ಆದ್ದರಿಂದ ಸಿಕ್ಕಿಬೀಳುವ ಭಯವೂ ಇರಲಿಲ್ಲ.

ಸಂಕ್ರಮಣದ ದಿನ ನಮ್ಮ ಚಾವಡಿಯಲ್ಲಿ ಮನೆಯ ದೈವಕ್ಕೆ ತಂಬಿಲ, ಅಂದರೆ ತಿಂಗಳ ಪೂಜೆ. ದೊಡ್ಡ ಮಾವನೇ ಬಂದು ದೀಪ ಹಚ್ಚಿ ಸೇವೆ ಸಲ್ಲಿಸಬೇಕು. ದೈವದ ತೂಗುಮಂಚದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಳಿಬಿಡುವ ಉದ್ದ ಮಾಲೆಯನ್ನು ಮನೆಯ ಹೂವಿನಿಂದ, ಮನೆಯ ಹೆಂಗಸರೇ ಕಟ್ಟುವುದು ಕ್ರಮ. ಅದಕ್ಕೊಂದು ಕಟ್ಟುನಿಟ್ಟು: ನಾರು ಮುಗಿದಲ್ಲಿ ಹೊಸ ನಾರು ಸೇರಿಸಬಹುದು, ಆದರೆ ಬೇರೆ ಬೇರೆ ಕಟ್ಟಿದ ಎರಡು ಮಾಲೆಗಳನ್ನು ತಂದು ಗಂಟು ಹಾಕಬಾರದು. ಹಿಡಿದರೆ ಒಂದೇ ಎಳೆ. ಇಬ್ಬರು ಕಟ್ಟುವುದಿದ್ದರೆ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಅದೇ ತುದಿ ಹಿಡಿಯಬೇಕು. ಪ್ರತಿ ತಿಂಗಳೂ ಅಮ್ಮ ಕಟ್ಟೆಯ ಹೂವು ಕಟ್ಟುತ್ತಿದ್ದಳು, ಅಜ್ಜಿ ದೈವದ ಮಾಲೆ ಕಟ್ಟುತ್ತಿದ್ದರು.

ಆ ತಿಂಗಳು ಅಜ್ಜಿಯ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ನಿಂಬೆಹಣ್ಣಿಗೆ ತೂತು ಮಾಡಿ ಬೆರಳನ್ನು ಅದರೊಳಗೆ ತೂರಿಸಿಕೊಂಡು ಕುಳಿತಿದ್ದರು. ಹಾಗಾಗಿ ಅಮ್ಮ ಒಬ್ಬಳೇ ಕಟ್ಟೆಯ ಹೂವನ್ನು ಮುಗಿಸಿ ಓಡಿ ಕೊಟ್ಟು ಬರುವಾಗ ಹತ್ತು ದಾಟಿತ್ತು. ದೊಡ್ಡ ಮಾವ ಹನ್ನೊಂದರ ಬಸ್ಸಿನಲ್ಲಿ ಇಳಿಯುವವರು, ಹನ್ನೆರಡಕ್ಕೆ ತಂಬಿಲ. ದೈವದ ಮಾಲೆಗೆ ಇನ್ನೂ ನಾರು ಸೀಳಿರಲಿಲ್ಲ.

“ನನ್ನ ಒಬ್ಬಳಿಂದ ಆಗ್ಲಿಕ್ಕಿಲ್ಲ ಅಮ್ಮ,” ಎಂದಳು ನನ್ನ ಅಮ್ಮ. “ಅರ್ಧ ಆಗುವಾಗ ಅಣ್ಣ ಬಂದಾಗಿರ್ತದೆ.”

“ಈ ಮನೆಯಲ್ಲಿ ತಂಬಿಲ ತಡವಾದದ್ದು ಉಂಟಾ? ಬೇಗ ಕೈ ಆಡಿಸು ಮಾರಾಯ್ತಿ, ಬಾಯಿ ಅಲ್ಲ.”

“ಕೈ ಎರಡೇ ಇರುವುದು.”

ನಾನು ನಾರಿನ ಕಟ್ಟಿನಿಂದ ಉದ್ದದ್ದನ್ನು ಆರಿಸಿ ಅಮ್ಮನ ಮುಂದೆ ಹಿಡಿದೆ. ಅಮ್ಮ ನಡುವಿನಿಂದ ಶುರು ಮಾಡಿ ಬಲಕ್ಕೆ ಕಟ್ಟಲಿ, ನಾನು ಅವಳ ಎಡಗಡೆ ಕುಳಿತು ಅದೇ ನಡುವಿನಿಂದ ಎಡಕ್ಕೆ ಕಟ್ಟುತ್ತೇನೆ ಎಂದೆ. ಇಬ್ಬರೂ ಒಂದೇ ಹೊತ್ತಿಗೆ ಕಟ್ಟಬಹುದು. ಕಟ್ಟಿದ್ದು ನಮ್ಮಿಬ್ಬರ ನಡುವೆ ಇಳಿಯುತ್ತದೆ. ಎಳೆ ಒಂದೇ, ಗಂಟು ಇಲ್ಲ. ಅಮ್ಮನಿಗೆ ಕೂಡಲೇ ಅರ್ಥವಾಯಿತು. ಅಜ್ಜಿಗೂ ಆಯಿತು, ಆದ್ದರಿಂದಲೇ ಅವರಿಗೆ ಸಿಟ್ಟು ಬಂತು.

“ಎಡಗೈಯಲ್ಲಿ ಕಟ್ಟಿದ ಹೂವು ದೈವಕ್ಕಾ? ನಿನ್ನ ತಲೆ ಸರಿ ಉಂಟಾ?”

ಅಜ್ಜಿ ಬೆಳಿಗ್ಗೆಯಿಂದ ದೈವದ ಪಾಲಿನ ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಬಾಳೆಎಲೆಯ ಮೇಲೆ ಇಡಿಸಿ ಲೆಕ್ಕ ಹಾಕುತ್ತಿದ್ದರು. ಎಡಗೈಯ ಹೆಬ್ಬೆರಳು ಆಗಲೂ ಉಂಗುರದ ಬೆರಳಿನ ನಡುಗೆಣ್ಣಿನ ಮೇಲೆ ನಿಂತಿತ್ತು. ಲೆಕ್ಕ ತಪ್ಪಬಾರದೆಂದು ಬೈಯುವಾಗಲೂ ಅದನ್ನು ಅಲ್ಲಾಡಿಸಿರಲಿಲ್ಲ. ನಾನು ಅದನ್ನೇ ನೋಡಿ ಹೇಳಿದೆ:

“ಅಜ್ಜಿ, ನೀವು ದೈವದ ಹೂವನ್ನು ಎಣಿಸುವುದು ಎಡಗೈಯಲ್ಲಿ. ಅದು ಆಗ್ತದಾ?”

ಅಜ್ಜಿ ತಮ್ಮ ಕೈಯನ್ನು ನೋಡಿಕೊಂಡರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಮೂಗಿನಿಂದ ಹೊರಗೆ ಬಂತು.

“ನಗಬೇಡ ವಾರಿಜ,” ಎಂದರು ಅಜ್ಜಿ. “ಇವಳ ಬಾಯಿ ನಿನ್ನಿಂದಲೇ ಬಂದದ್ದು.” ಆಮೇಲೆ ನನಗೆ: “ಕೈಕಾಲು ತೊಳೆದು ಬಾ. ಚಾಪೆಯಲ್ಲಿ ಕೂತ್ಕೊ. ಒಂದು ಮೊಗ್ಗು ಕೆಳಗೆ ಬಿದ್ದರೆ ಏಳಬೇಕು.”

ನಾನು ಬಾವಿಕಟ್ಟೆಗೆ ಓಡಿ, ಎರಡೂ ಕೈಯನ್ನು ಮೊಣಕೈವರೆಗೆ ತೊಳೆದು ಬಂದು ಚಾಪೆಯ ಮೇಲೆ, ಅಮ್ಮನ ಎಡಕ್ಕೆ ಕುಳಿತೆ. ಮೊದಲ ಕುಣಿಕೆಯನ್ನು ಅಮ್ಮ ಹಾಕಿದಳು. ಅದರ ಬೆನ್ನಿಗೇ ನನ್ನದು. ಎರಡು ಬದಿಯೂ ಸಮವಾಗಿರದಿದ್ದರೆ ಮಾಲೆಯ ನಡು ಮಂಚದ ನಡುವಿಗೆ ಬರುವುದಿಲ್ಲ, ಹಾಗಾಗಿ ಲೆಕ್ಕವೂ ಜತೆಯಾಗಿ ಹೋಗಬೇಕಿತ್ತು. ಅಮ್ಮನ ಎಡಗೈಯ ಕಿರುಬೆರಳು ಮಡಚಿದಾಗ ಅದಕ್ಕೆ ತಾಗಿಯೇ ಇದ್ದ ನನ್ನ ಬಲಗೈಯ ಕಿರುಬೆರಳು ಮಡಚಬೇಕು. ಮೊದಮೊದಲು ಅಮ್ಮ ಮುಂದೆ ಹೋದಳು, ನಾನು ಹಿಂದೆ ಬಿದ್ದೆ. ಅವಸರ ಮಾಡಲಿಲ್ಲ. ಕುಣಿಕೆ ಬಿಗಿಯಾಗಲಿ, ಓಟ ಆಮೇಲೆ ಎಂದು ಹಲ್ಲು ಕಚ್ಚಿ ಕಟ್ಟಿದೆ. ಅಮ್ಮ ನನ್ನ ಬೆರಳನ್ನು ನೋಡಿ ತನ್ನ ಕೈಯನ್ನು ಸ್ವಲ್ಪ ನಿಧಾನ ಮಾಡಿದಳು. ಆಮೇಲೆ ನಿಧಾನ ಮಾಡುವ ಅಗತ್ಯ ಬೀಳಲಿಲ್ಲ. ಎರಡು ಎಲೆಯ ಮೊಗ್ಗು ಖಾಲಿಯಾಗುವ ಹೊತ್ತಿಗೆ ನಮ್ಮ ಬೆರಳುಗಳು ಒಟ್ಟಿಗೆ ಮಡಚಿ ಒಟ್ಟಿಗೆ ಬಿಡಿಸಿಕೊಳ್ಳುತ್ತಿದ್ದವು. ಅಜ್ಜಿ ಎದುರಿಗೆ ಕುಳಿತು, ನಿಂಬೆಹಣ್ಣಿನ ಬೆರಳನ್ನು ಎತ್ತಿ ಹಿಡಿದು, ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಒಂದು ಮೊಗ್ಗು ಚಾಪೆಯ ಮೇಲೆ ಬಿತ್ತು.

“ಅದು ನನ್ನದಲ್ಲ,” ಎಂದೆ.

“ಗೊತ್ತುಂಟು,” ಎಂದರು ಅಜ್ಜಿ. “ವಾರಿಜ, ಕಣ್ಣು ಎಲ್ಲಿ ಉಂಟು ನಿನ್ನದು?”

“ಹಾಗಾದರೆ ನಾನು ಏಳಬೇಕಾ ಅಮ್ಮ?” ಎಂದು ಕೇಳಿದಳು ಅಮ್ಮ, ಕೈ ನಿಲ್ಲಿಸದೆ.

“ಎದ್ದರೆ ಅರ್ಧ ಮಾಲೆಯನ್ನು ನಾನು ಕಾಲಿನಲ್ಲಿ ಕಟ್ಟುವುದಾ? ಕೂತ್ಕೊ.”

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ ಇನ್ನೂ ಒಂದು ಎಲೆಯ ಮೊಗ್ಗು ಉಳಿದಿತ್ತು. ದೊಡ್ಡ ಮಾವ ಕೊಡೆ ಊರುತ್ತಾ ಗದ್ದೆಯ ಅಂಚಿನಲ್ಲಿ ನಡೆದು, ಬಾವಿಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆ ಹಿಂಡುವ ಸದ್ದು ಕೇಳುವಾಗ ಕೊನೆಯ ಕುಣಿಕೆ ಬಿಗಿದೆವು. ಅಮ್ಮ ಮತ್ತು ನಾನು ಒಂದೊಂದು ತುದಿ ಹಿಡಿದು ಚಾವಡಿಗೆ ಒಯ್ದು ಮಂಚದ ಎರಡು ಕಡೆಗೆ ಸಿಕ್ಕಿಸಿದೆವು. ಮಾಲೆಯ ನಡು ಮಂಚದ ನಡುವಿಗೇ ಇಳಿಯಿತು.

ದೊಡ್ಡ ಮಾವ ಸೇವೆ ಮುಗಿಸಿ, ದೀಪದ ಬತ್ತಿ ತಗ್ಗಿಸಿ, ನನ್ನ ಕಡೆ ತಿರುಗಿದರು.

“ಏನು ಶಾರದ, ಬಲಗೈ ಬಂತಾ?”

ನಾನು ಬಾಯಿ ತೆರೆಯುವ ಮೊದಲು ಅಜ್ಜಿ ಮಾತಾಡಿದರು.

“ಆ ಮಾಲೆ ನೋಡು. ಒಂದು ಅರ್ಧ ವಾರಿಜ ಕಟ್ಟಿದ್ದು, ಒಂದು ಅರ್ಧ ಇವಳು. ಇವಳದ್ದು ಯಾವುದು ಹೇಳು.”

ಮಾವ ಕನ್ನಡಕ ಒರೆಸಿಕೊಂಡು ಮಂಚದ ಹತ್ತಿರ ಹೋದರು. ಈ ತುದಿಯಿಂದ ಆ ತುದಿಗೆ ನೋಡಿದರು. ಬೆರಳಿನಿಂದ ಒಂದೆರಡು ಕುಣಿಕೆ ಮುಟ್ಟಿ ನೋಡಿದರು. ಕೊನೆಗೆ ಬಲಗಡೆಯ ಅರ್ಧವನ್ನು ತೋರಿಸಿ, “ಇದು. ಸ್ವಲ್ಪ ಸಡಿಲ ಉಂಟು,” ಎಂದರು.

“ಅದು ನನ್ನದು ಅಣ್ಣ,” ಎಂದಳು ಅಮ್ಮ.

ಅಜ್ಜಿ ನಕ್ಕ ನಗುವಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ನಿಂತಿತು. ಮಾವ ನಗಲಿಲ್ಲ. ಅವರು ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪುವವರಲ್ಲ. ಊಟವಾದ ಮೇಲೆ ನನ್ನನ್ನು ಕರೆದು ಬಾಯಿಲೆಕ್ಕ ಕೇಳಿದರು. ಬೆರಳಿನಲ್ಲಿ ಎಣಿಸಬಹುದು ಎಂದರು. ನಾನು ಬಲಗೈ ಎತ್ತಿದೆ, ಬೆರಳು ಮಡಚುತ್ತಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಅವರು ನನ್ನ ಕೈಯನ್ನು ನೋಡಿದರು. ತಮ್ಮ ಕೈಯಲ್ಲೂ ಒಮ್ಮೆ ಎಣಿಸಿ ನೋಡಿಕೊಂಡರು. ಅವರದು ಎಡಗೈಯಾಗಿತ್ತು.

“ಊಟ ಯಾವ ಕೈಯಲ್ಲಿ?”

“ಬಲಗೈಯಲ್ಲಿ.”

“ಬರೆಯುವುದು?”

“ಬಲಗೈಯಲ್ಲಿ.”

“ಹೂವು?”

“ಎಡಗೈಯಲ್ಲಿ,” ಎಂದೆ. “ಕಾರ್ಕಳಕ್ಕೆ ಕರೆದುಕೊಂಡು ಹೋದರೂ ಎಡಗೈಯಲ್ಲೇ.”

ಅಮ್ಮ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಮಾವ ಕೊಡೆ ಎತ್ತಿಕೊಂಡರು.

“ಕಾರ್ಕಳದ ನನ್ನ ಮನೆಯಲ್ಲಿ ಮಲ್ಲಿಗೆ ಗಿಡ ಇಲ್ಲ. ಅಲ್ಲಿಗೆ ಬಂದು ನೀನು ಎಂತ ಮಾಡ್ತಿ? ಇಲ್ಲೇ ಇರು.” ಮೆಟ್ಟಿಲು ಇಳಿದು, ತಿರುಗಿ ನೋಡದೆ ಇನ್ನೊಂದು ಮಾತು ಸೇರಿಸಿದರು: “ವಾರಿಜ, ನಿನ್ನ ಅರ್ಧ ಸಡಿಲ ಉಂಟು, ಅದು ಸುಳ್ಳಲ್ಲ.”

ನಾಲ್ಕರ ಬಸ್ಸಿಗೆ ಅವರು ಹೋದರು. ಅಮ್ಮ ಹಟ್ಟಿಗೆ ಹೋದಳು. ನಾನು ಜಗಲಿ ಗುಡಿಸಿ, ಉಳಿದ ನಾರನ್ನು ಸುತ್ತಿ, ಚಾಪೆ ಕೊಡವಿ, ಬುಟ್ಟಿಗಳನ್ನು ಕವುಚಿ ಹಾಕಲು ಹೊರಟಾಗ ಒಂದರ ತಳದಲ್ಲಿ ಒದ್ದೆ ಎಲೆಯೊಳಗೆ ಒಂದು ಹಿಡಿ ಮೊಗ್ಗು ಉಳಿದದ್ದು ಕಂಡಿತು. ಅಜ್ಜಿ ಅದನ್ನು ತೆಗೆದುಕೊಂಡರು. ಸಂಜೆ ಅರಳುವ ಮೊದಲು ಕಟ್ಟಬೇಕು, ದೇವರ ಕೋಣೆಯ ಪಟಕ್ಕೆ ಆಗುತ್ತದೆ ಎಂದರು. ಬಲಗೈ ಹೆಬ್ಬೆರಳು ಮುಟ್ಟುವಂತಿರಲಿಲ್ಲ. ಅವರು ನಾರನ್ನು ಬಲಗೈಯ ಉಳಿದ ಬೆರಳುಗಳಲ್ಲಿ ಸಿಕ್ಕಿಸಿಕೊಂಡು, ಎಡಗೈಯಿಂದ ಮೊಗ್ಗು ಇಟ್ಟು ಸುತ್ತಲು ನೋಡಿದರು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಮೊಗ್ಗು ತಿರುಗಿತು. ಕುಣಿಕೆಯೊಳಗೆ ನಾರು ಹೋಗಲಿಲ್ಲ. ಎಡಗೈಯ ಬೆರಳುಗಳು ಒಂದಕ್ಕೊಂದು ಅಡ್ಡ ಬಂದವು. ನಾಲ್ಕನೆಯ ಸಲ ಹೆಣಗುವಾಗ ಮಡಿಲಿನ ಹೂವೆಲ್ಲ ಜಗಲಿಯ ಮೇಲೆ ಚೆಲ್ಲಿತು. ಅರವತ್ತು ವರ್ಷ ಹೂ ಕಟ್ಟಿದ ಕೈಗಳು ಹಾಗೆಯೇ ಗಾಳಿಯಲ್ಲಿ ನಿಂತವು. ಅಜ್ಜಿ ಅವನ್ನು ಬೇರೆ ಯಾರದ್ದೋ ಕೈ ಎಂಬ ಹಾಗೆ ನೋಡಿದರು.

“ನಿನಗೆ ಬಲಗೈಯಲ್ಲಿ ಹೀಗೇ ಆಗ್ತಿತ್ತಾ?” ಎಂದು ಕೇಳಿದರು.

“ಹೌದು.”

“ಇಡೀ ವರ್ಷ?”

“ಹೌದು ಅಜ್ಜಿ.”

ಅವರು ಚೆಲ್ಲಿದ ಮೊಗ್ಗುಗಳನ್ನು ಹೆಕ್ಕತೊಡಗಿದರು. ನಾನೂ ಹೆಕ್ಕಿದೆ. ಎಲ್ಲವನ್ನೂ ಎಲೆಗೆ ಹಾಕಿ ನನ್ನ ಕಡೆ ಸರಿಸಿದರು.

“ಕಟ್ಟು.”

“ಯಾವ ಕೈಯಲ್ಲಿ?”

“ಯಾವುದು ಬರ್ತದೋ ಅದರಲ್ಲಿ ಕಟ್ಟು ಮಾರಾಯ್ತಿ. ಬೇಗ. ಅರಳ್ತಾ ಉಂಟು.”

ನಾನು ಕಟ್ಟಿದೆ. ಅಜ್ಜಿ ನನ್ನ ಎಡಗಡೆಗೆ ಸರಿದು ಕುಳಿತು, ಎಡಗೈ ಕೆಲಸಕ್ಕೆ ಸಿಗುವ ಹಾಗೆ ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಕೊಟ್ಟರು. ಮಾಲೆ ಮುಗಿದಾಗ ಅಂಗಳದಲ್ಲಿ ಇನ್ನೂ ಬೆಳಕಿತ್ತು. ದೇವರ ಪಟಕ್ಕೆ ಹೂವು ಹಾಕಿ ಬಂದು, ಬುಟ್ಟಿಗಳನ್ನು ತೊಳೆದು ಕವುಚಿ ಹಾಕಿದೆ.